ಲ್ಯಾಪ್‌ಟಾಪ್ ಟಚ್‌ಪ್ಯಾಡ್ ಹೇಳಿದ ಮಾತು ಕೇಳುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಟಚ್‌ಪ್ಯಾಡ್ ತೊಂದರೆ ಎಂದು ಲ್ಯಾಪ್‌ಟಾಪ್ ಹಿಡಿದು ಬರುವವರಲ್ಲಿ ಬಹಳ ಮಂದಿ ತೀರ್ಪನ್ನೂ ಜೊತೆಗೇ ತಂದಿರುತ್ತಾರೆ: "ಟಚ್‌ಪ್ಯಾಡ್ ಹೋಗಿದೆ, ಬೇರೆ ಹಾಕಿಕೊಡಿ." ನಾನು ನೋಡಿದ ಮಟ್ಟಿಗೆ ಪ್ಯಾಡ್ ನಿಜವಾಗಿ ಸತ್ತಿರುವುದು ಅಪರೂಪ. ಗೋಡೆಯ ಪ್ಲಗ್ಗು, ಒದ್ದೆ ಬೆರಳು, ಉಬ್ಬಿದ ಬ್ಯಾಟರಿ, ಎಡವಟ್ಟು ಡ್ರೈವರ್ (ಪ್ಯಾಡನ್ನು ನಡೆಸುವ ತಂತ್ರಾಂಶ) ಇವುಗಳಲ್ಲಿ ಯಾವುದೋ ಒಂದು ಹಿಂದೆ ಇರುತ್ತದೆ. ಆದ್ದರಿಂದ ಇಲ್ಲಿನ ಉತ್ತರಗಳೆಲ್ಲ ಒಂದೇ ಕಡೆ ತಿರುಗುತ್ತವೆ: ಕರ್ಸರ್ ಯಾವಾಗ ಕುಣಿಯುತ್ತದೆ, ಯಾವಾಗ ಸುಮ್ಮನಿರುತ್ತದೆ ಎಂಬುದನ್ನು ಮೊದಲು ಗುರುತಿಸಿ. ಏಕೆ ಎನ್ನುವುದು ಅದರ ಹಿಂದೆಯೇ ಸಿಗುತ್ತದೆ.

ಕರ್ಸರ್ ತನ್ನಷ್ಟಕ್ಕೆ ಓಡಾಡುತ್ತಿದೆ. ಮೊದಲು ಏನು ಮಾಡಲಿ?

ಸೆಟ್ಟಿಂಗ್ಸ್ ತೆರೆಯುವ ಮೊದಲು ಚಾರ್ಜರ್ ಕಿತ್ತು ನೋಡಿ. ಐದು ನಿಮಿಷ ಬ್ಯಾಟರಿಯ ಮೇಲೇ ಕೆಲಸ ಮಾಡಿ. ಕುಣಿತ ನಿಂತರೆ ಕೆಳಗಿನ ಅರ್ಥಿಂಗ್ ಪ್ರಶ್ನೆಗೆ ನೇರ ಹೋಗಿ, ಉಳಿದದ್ದು ಓದಬೇಕಿಲ್ಲ.

ನಿಲ್ಲದಿದ್ದರೆ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ, ಪ್ಯಾಡನ್ನೂ ಒಣಬಟ್ಟೆಯಲ್ಲಿ ಒರೆಸಿ. ಆಮೇಲೆ ಯುಎಸ್‌ಬಿಗೆ ಚುಚ್ಚಿರುವುದನ್ನೆಲ್ಲ ತೆಗೆಯಿರಿ, ಮುಖ್ಯವಾಗಿ ವೈರ್‌ಲೆಸ್ ಮೌಸಿನ ಪುಟ್ಟ ಡಾಂಗಲ್. ಕೊನೆಗೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಸಾಲದೇ ಎಂದು ಕೇಳುತ್ತಾರೆ. ಸಾಲದು. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡುವಾಗ ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಆನ್ ಮಾಡಿದಾಗ ಅದನ್ನೇ ಎಬ್ಬಿಸುತ್ತದೆ. ನಿನ್ನೆಯ ಹಟ ಇವತ್ತೂ ಮುಂದುವರಿಯುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನೂ ಒಟ್ಟಿಗೆ ಮಾಡಿದರೆ ಸರಿಹೋಗಬಹುದು, ಆದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ, ಮುಂದಿನ ವಾರ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಚಾರ್ಜರ್ ಹಾಕಿದಾಗ ಮಾತ್ರ ಕುಣಿಯುತ್ತದೆ, ತೆಗೆದ ಕೂಡಲೇ ಸರಿಹೋಗುತ್ತದೆ. ಚಾರ್ಜರ್ ಕೆಟ್ಟಿದೆಯೇ?

ಕೆಟ್ಟಿರಬಹುದು. ಆದರೆ ನಮ್ಮ ಮನೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಅರ್ಥಿಂಗನ್ನು.

ಲ್ಯಾಪ್‌ಟಾಪ್ ಚಾರ್ಜರ್ ಒಳಗೆ 230 ವೋಲ್ಟ್ ಎಸಿಯನ್ನು ಮೊದಲು ಡಿಸಿ ಮಾಡಿ, ಅದನ್ನು ಬಹಳ ವೇಗವಾಗಿ ಕಡಿದು ಕಡಿದು, ಸಣ್ಣ ಟ್ರಾನ್ಸ್‌ಫಾರ್ಮರಿನ ಮೂಲಕ 19 ಅಥವಾ 20 ವೋಲ್ಟಿಗೆ ಇಳಿಸುತ್ತದೆ. ಹೀಗೆ ಕಡಿಯುವಾಗ ಹುಟ್ಟುವ ವಿದ್ಯುತ್ ಗದ್ದಲವನ್ನು ಅಡಗಿಸಲು ಒಳಗೆ ಕೆಪಾಸಿಟರ್‌ಗಳನ್ನು ಇಟ್ಟಿರುತ್ತಾರೆ. ಮೂರು ಪಿನ್ ಚಾರ್ಜರ್‌ನಲ್ಲಿ ಆ ಗದ್ದಲ ಅರ್ಥ್ ತಂತಿಯ ಮೂಲಕ ನೆಲಕ್ಕೆ ಹೋಗಬೇಕು. ಅರ್ಥ್ ಇಲ್ಲದಿದ್ದರೆ ಅದು ಹೋಗುವುದಾದರೂ ಎಲ್ಲಿಗೆ? ಲ್ಯಾಪ್‌ಟಾಪಿನ ಒಡಲಲ್ಲೇ ಉಳಿಯುತ್ತದೆ. ನೀವು ಪ್ಯಾಡ್ ಮುಟ್ಟಿದಾಗ ನಿಮ್ಮ ದೇಹದ ಮೂಲಕ ನೆಲದ ದಾರಿ ಹುಡುಕುತ್ತದೆ. ಪ್ಯಾಡಿಗೆ ಇದು ಬೆರಳೋ ಗದ್ದಲವೋ ತಿಳಿಯುವುದಿಲ್ಲ, ಕರ್ಸರ್ ನಡುಗತೊಡಗುತ್ತದೆ.

ಪರೀಕ್ಷೆ ಸುಲಭ. ಚಾರ್ಜರ್ ಹಾಕಿರುವಾಗ ಕರ್ಸರ್ ಕುಣಿಯುತ್ತಿದ್ದರೆ, ಇನ್ನೊಂದು ಕೈಯನ್ನು ಲ್ಯಾಪ್‌ಟಾಪಿನ ಲೋಹದ ಭಾಗದ ಮೇಲೆ ಪೂರ್ತಿ ಊರಿ. ಕುಣಿತ ಕಡಿಮೆಯಾದರೆ ಅರ್ಥಿಂಗ್ ಸಮಸ್ಯೆ ಎಂಬುದಕ್ಕೆ ಒಳ್ಳೆಯ ಸುಳಿವು. ಅದೇ ಚಾರ್ಜರನ್ನು ಬೇರೆ ಮನೆಯಲ್ಲೋ ಆಫೀಸಿನಲ್ಲೋ ಹಾಕಿ ನೋಡಿ. ಅಲ್ಲಿ ಸರಿಯಿದ್ದರೆ ಲ್ಯಾಪ್‌ಟಾಪೂ ಚಾರ್ಜರೂ ನಿರಪರಾಧಿಗಳು. ಎಲ್ಲ ಕಡೆ ಕುಣಿದರೆ ಆಗ ಚಾರ್ಜರ್ ಬದಲಿಸಿ ನೋಡಿ. ಕಂಪನಿ ಹೆಸರನ್ನಷ್ಟೇ ಅಂಟಿಸಿದ ಅಗ್ಗದ ಚಾರ್ಜರ್‌ಗಳಲ್ಲಿ ಗದ್ದಲ ಅಡಗಿಸುವ ಭಾಗಗಳನ್ನೇ ಕೈಬಿಟ್ಟಿರುವುದುಂಟು. ಲೇಬಲ್ಲಿನಲ್ಲಿ ವೋಲ್ಟೂ ಆಂಪಿಯರೂ ಸರಿಯಾಗಿಯೇ ಇರುತ್ತವೆ, ಬ್ಯಾಟರಿಯೂ ತುಂಬುತ್ತದೆ, ಪ್ಯಾಡ್ ಮಾತ್ರ ತಲೆತಿರುಗಿದಂತೆ ಆಡುತ್ತದೆ.

ನಿಮ್ಮ ಚಾರ್ಜರಿಗೆ ಎರಡೇ ಪಿನ್ ಇದ್ದರೆ ಅದಕ್ಕೆ ಅರ್ಥ್ ತಂತಿಯೇ ಇರುವುದಿಲ್ಲ, ಅದನ್ನು ಹಾಗೆಯೇ ವಿನ್ಯಾಸ ಮಾಡಿರುತ್ತಾರೆ. ಆಗ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್ ಮೂಲಕ ಅರ್ಥ್ ಇರುವ ಮಾನಿಟರಿಗೆ ಜೋಡಿಸಿದರೆ ಎಷ್ಟೋ ಸಲ ಕರ್ಸರ್ ತೆಪ್ಪಗಾಗುತ್ತದೆ.

ನಮ್ಮ ಮನೆಯಲ್ಲಿ ಮೂರು ಪಿನ್ ಸಾಕೆಟ್ ಇದೆ. ಅಂದಮೇಲೆ ಅರ್ಥಿಂಗ್ ಇದೆ ತಾನೇ?

ಮೂರು ತೂತು ಇದೆ ಎಂದಷ್ಟೇ ಅರ್ಥ. ಮೇಲಿನ ದೊಡ್ಡ ತೂತಿನ ಹಿಂದೆ ತಂತಿ ಇದೆಯೇ, ಆ ತಂತಿ ಮಣ್ಣಿನವರೆಗೆ ತಲುಪಿದೆಯೇ ಎಂಬುದು ಬೇರೆ ಮಾತು. ಹಳೆಯ ಮನೆಗಳಲ್ಲಿ ಅರ್ಥ್ ತಂತಿ ಎಳೆಯದೇ ಸಾಕೆಟ್ ಕೂರಿಸಿರುವುದು ಸಾಮಾನ್ಯ. ಎಳೆದಿದ್ದರೂ ಅಂಗಳದಲ್ಲಿ ಆ ತಂತಿ ಮಣ್ಣು ಸೇರುವ ಇದ್ದಿಲು-ಉಪ್ಪಿನ ಗುಂಡಿ ಬೇಸಿಗೆಯಲ್ಲಿ ಒಣಗಿ ಬಿಟ್ಟಿರುತ್ತದೆ, ಇಲ್ಲವೇ ಅದರ ಮೇಲೆ ಯಾರೋ ಟೈಲ್ಸ್ ಹಾಕಿಸಿಬಿಟ್ಟಿರುತ್ತಾರೆ. ಇನ್ನು ಎಕ್ಸ್‌ಟೆನ್ಷನ್ ಬೋರ್ಡುಗಳ ಕಥೆ: ಮೇಲೆ ಮೂರು ಪಿನ್ನಿನ ನಾಲ್ಕು ಸಾಕೆಟ್, ಗೋಡೆಗೆ ಹೋಗುವ ವೈರಿನಲ್ಲಿ ಎರಡೇ ತಂತಿ. ಪ್ಲಗ್ಗಿನ ಉದ್ದದ ಪಿನ್ ಮುರಿದೋ, ಎರಡು ಪಿನ್ ಕನ್ವರ್ಟರ್ ಸಿಕ್ಕಿಸಿಯೋ ಬಳಸುವವರಿಗೂ ಇದೇ ಗತಿ.

ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರಿನಲ್ಲಿ ಅಳೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್ ಬರುತ್ತದೆ. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಈ ಅಳತೆಯನ್ನು ಅಭ್ಯಾಸವಿಲ್ಲದವರು ತಾವೇ ಮಾಡುವುದು ಬೇಡ.

ಒಂದು ಎಚ್ಚರಿಕೆ ಹೇಳಲೇಬೇಕು. ಅರ್ಥ್ ಇಲ್ಲ ಎಂದಾಗ ಕೆಲವರು ಸಾಕೆಟ್ಟಿನ ಒಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಹಾಕಿ "ಆಯ್ತು ಸಾರ್" ಎಂದು ಹೋಗುತ್ತಾರೆ. ಕರ್ಸರ್ ನಿಲ್ಲುತ್ತದೆ, ನಿಜ. ಆದರೆ ಮುಂದೆ ಎಂದಾದರೂ ನ್ಯೂಟ್ರಲ್ ತಂತಿ ಕಡಿದರೆ ಆ ಸಾಕೆಟ್ಟಿಗೆ ಸಿಕ್ಕಿಸಿದ ಫ್ರಿಜ್, ಇಸ್ತ್ರಿ ಪೆಟ್ಟಿಗೆ, ವಾಷಿಂಗ್ ಮೆಷಿನ್ ಎಲ್ಲದರ ಮೈಯಲ್ಲೂ ಪೂರ್ತಿ ಕರೆಂಟ್ ಹರಿಯುತ್ತದೆ. ಟಚ್‌ಪ್ಯಾಡಿಗಾಗಿ ಈ ಕೆಲಸಕ್ಕೆ ಒಪ್ಪಬೇಡಿ.

ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ, ಟೆಸ್ಟರ್ ಕೂಡ ಹತ್ತುತ್ತದೆ. ಅಪಾಯವೇ?

ಅರ್ಥ್ ಸಿಗದ ಲ್ಯಾಪ್‌ಟಾಪಿನ ಲೋಹದ ಮೈ, ಆ ಕೆಪಾಸಿಟರ್‌ಗಳ ದೆಸೆಯಿಂದ, ಮೇನ್ಸ್ ವೋಲ್ಟೇಜಿನ ಸುಮಾರು ಅರ್ಧದಲ್ಲಿ ತೇಲುತ್ತಿರುತ್ತದೆ. ಅಂದರೆ 115 ವೋಲ್ಟಿನ ಆಸುಪಾಸು. ಕೇಳಿದರೆ ಗಾಬರಿಯಾಗುತ್ತದೆ, ಆದರೆ ಅದರಲ್ಲಿ ಹರಿಯಬಲ್ಲ ಕರೆಂಟು ಮಿಲಿಆಂಪಿಯರಿನ ಸಣ್ಣ ಭಾಗ ಮಾತ್ರ. ಚಾರ್ಜರ್ ಸರಿಯಾಗಿದ್ದರೆ ಅದರಿಂದ ಪ್ರಾಣಾಪಾಯವಿಲ್ಲ. ಬರಿಗಾಲಲ್ಲಿ ಮೊಸಾಯಿಕ್ ನೆಲದ ಮೇಲೆ ಕೂತಾಗ ಹೆಚ್ಚು ಗೊತ್ತಾಗುತ್ತದೆ, ಚಪ್ಪಲಿ ಹಾಕಿದರೆ ಗೊತ್ತಾಗುವುದಿಲ್ಲ. ಜುಮ್ ಎನ್ನುವುದರ ಬದಲು ಕೈ ಹಿಂದಕ್ಕೆಳೆದುಕೊಳ್ಳುವಂತೆ ಹೊಡೆದರೆ ಚಾರ್ಜರನ್ನು ಆ ಕ್ಷಣವೇ ಗೋಡೆಯಿಂದ ತೆಗೆಯಿರಿ, ಮತ್ತೆ ಬಳಸಬೇಡಿ.

ಕರೆಂಟ್ ಹೋಗಿ ಯುಪಿಎಸ್ ಬಂದಾಗ ಮಾತ್ರ ಟಚ್‌ಪ್ಯಾಡ್ ಕೈಕೊಡುತ್ತದೆ.

ಮನೆಯ ಯುಪಿಎಸ್ ಸ್ಕ್ವೇರ್ ವೇವ್ ಮಾದರಿಯದಾಗಿರಬೇಕು. ಅದರಿಂದ ಬರುವ ವಿದ್ಯುತ್ ಕೆಇಬಿ ಲೈನಿನಂತೆ ನಯವಾಗಿ ಏರಿಳಿಯುವುದಿಲ್ಲ, ತಟಕ್ಕನೆ ಮೇಲೇರಿ ತಟಕ್ಕನೆ ಬೀಳುತ್ತದೆ. ಆ ಅಂಚುಗಳಲ್ಲಿ ಗದ್ದಲ ಜಾಸ್ತಿ. ಫ್ಯಾನು ಗುಂಯ್‌ಗುಟ್ಟುವುದೂ ಅದರಿಂದಲೇ. ಪ್ಯೂರ್ ಸೈನ್ ವೇವ್ ಯುಪಿಎಸ್ ಹಾಕಿದರೆ ಸರಿಹೋಗುತ್ತದೆ, ಆದರೆ ಇದೊಂದಕ್ಕಾಗಿ ಖರ್ಚು ಮಾಡಿ ಎನ್ನಲಾರೆ. ಕರೆಂಟ್ ಹೋದಾಗ ಚಾರ್ಜರ್ ತೆಗೆದು ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿಯಲ್ಲಿ ಕೆಲಸ ಮಾಡಿ, ಸಾಕು.

ಅಷ್ಟಕ್ಕೂ ಈ ಪ್ಯಾಡ್ ಬೆರಳನ್ನು ಹೇಗೆ ಗುರುತಿಸುತ್ತದೆ? ಪೆನ್ನಿನಿಂದ ಒತ್ತಿದರೆ ಏಕೆ ಆಗುವುದಿಲ್ಲ?

ಅದು ಒತ್ತಡವನ್ನು ನೋಡುವುದೇ ಇಲ್ಲ. ನಯವಾದ ಮೇಲ್ಪದರದ ಕೆಳಗೆ ಅಡ್ಡಡ್ಡ, ಉದ್ದುದ್ದ ತೆಳು ಲೋಹದ ಗೆರೆಗಳ ಜಾಲವಿದೆ. ಗೆರೆಗಳು ಒಂದನ್ನೊಂದು ದಾಟುವ ಪ್ರತಿ ಜಾಗದಲ್ಲೂ ಒಂದಿಷ್ಟು ವಿದ್ಯುತ್ ಸಂಗ್ರಹವಾಗಿರುತ್ತದೆ. ನಮ್ಮ ದೇಹ ವಿದ್ಯುತ್ ವಾಹಕ, ಹಾಗಾಗಿ ಬೆರಳು ಹತ್ತಿರ ಬಂದ ಕಡೆ ಆ ಸಂಗ್ರಹ ತುಸು ಬದಲಾಗುತ್ತದೆ. ಒಳಗಿನ ಚಿಪ್ಪು ಸೆಕೆಂಡಿಗೆ ಹೆಚ್ಚುಕಡಿಮೆ ನೂರು ಬಾರಿ ಇಡೀ ಜಾಲವನ್ನು ಅಳೆದು, ಬದಲಾವಣೆ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಲೆಕ್ಕ ಹಾಕುತ್ತದೆ. ಪ್ಲಾಸ್ಟಿಕ್ ಪೆನ್ನು ವಾಹಕವಲ್ಲ, ಪ್ಯಾಡಿನ ಪಾಲಿಗೆ ಅದು ಇಲ್ಲವೇ ಇಲ್ಲ. ನೀರಿನ ಹನಿ, ಮೈಗೆ ತಾಗಿರುವ ಲೋಹದ ಬಳೆ, ವಾಚಿನ ಚೈನು ಇವೆಲ್ಲ ಪ್ಯಾಡಿಗೆ ಬೆರಳಿನಂತೆಯೇ ಕಾಣುತ್ತವೆ. ಬಳೆ ತಾಗಿ ಕರ್ಸರ್ ಹಾರುತ್ತಿದೆ ಎಂದು ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ.

ಇದು ಹಳೆಯ ತಂತ್ರವೇ. ಅಮೆರಿಕದ ಜಾರ್ಜ್ ಗೆರ್ಫೈಡ್ 1988ರಲ್ಲಿ ಇಂಥ ಪ್ಯಾಡನ್ನು ರೂಪಿಸಿದರು. 1994ರಲ್ಲಿ ಆಪಲ್ ತನ್ನ ಪವರ್‌ಬುಕ್ 500 ಸರಣಿಯಲ್ಲಿ ಅದನ್ನು ಹಾಕಿತು. ಅದಕ್ಕೂ ಮೊದಲು ಲ್ಯಾಪ್‌ಟಾಪುಗಳಲ್ಲಿ ಹೊರಳಿಸುವ ಗುಂಡು ಇರುತ್ತಿತ್ತು. ಅದರೊಳಗೆ ಧೂಳು ಸೇರಿದರೆ ಬಿಚ್ಚಿ ತೆಗೆಯಬೇಕಿತ್ತು.

ಮಳೆಗಾಲ ಬಂದರೆ ಸಾಕು, ಕರ್ಸರ್ ತಡವರಿಸುತ್ತದೆ. ಮಂಗಳೂರಿನಲ್ಲಿದ್ದೇವೆ.

ಕರಾವಳಿಯವರ ಈ ದೂರಿನಲ್ಲಿ ಸತ್ಯವಿದೆ. ಬೆವರಿದ ಬೆರಳು ಪ್ಯಾಡಿನ ಮೇಲೆ ತೆಳ್ಳಗೆ ತೇವ ಬಿಡುತ್ತದೆ, ಆ ತೇವ ಒಂದು ಬೆರಳಿನ ಗುರುತನ್ನು ಅಗಲವಾಗಿ ಹರಡುತ್ತದೆ. ಬೆರಳೂ ಜಾರದೆ ಅಂಟಿಕೊಂಡು ಅಂಟಿಕೊಂಡು ಸಾಗುತ್ತದೆ. ಫ್ಯಾನಿನ ಕೆಳಗೆ ಕೂತರೆ ಅರ್ಧ ಪರಿಹಾರ. ತಲೆಗೆ ಎಣ್ಣೆ ಹಚ್ಚಿದ ಕೈ, ಕೋಡುಬಳೆ ಮುರಿದ ಕೈ, ಹ್ಯಾಂಡ್ ಕ್ರೀಮ್ ಹಚ್ಚಿದ ಕೈ ಯಾವುದೂ ಪ್ಯಾಡಿಗೆ ಆಗಿಬರುವುದಿಲ್ಲ.

ಒರೆಸುವಾಗ ಲ್ಯಾಪ್‌ಟಾಪ್ ಪೂರ್ತಿ ಆಫ್ ಇರಲಿ. ಕನ್ನಡಕ ಒರೆಸುವಂಥ ಮೈಕ್ರೋಫೈಬರ್ ಬಟ್ಟೆಗೆ 70 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲನ್ನು ಸ್ವಲ್ಪವೇ ಹಾಕಿಕೊಂಡು ಒರೆಸಿ. ಪ್ಯಾಡಿನ ಮೇಲೆ ನೇರ ಸುರಿಯಬೇಡಿ, ಸ್ಪ್ರೇ ಕೂಡ ಮಾಡಬೇಡಿ, ಅಂಚಿನ ಸಂದಿಯಿಂದ ಒಳಗಿಳಿಯುತ್ತದೆ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಬೇಡವೇ ಬೇಡ. ಪ್ಯಾಡಿನ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯ ಕೆಳಗೆ ಗಾಳಿಗುಳ್ಳೆ ಎದ್ದಿದ್ದರೆ ಹಾಳೆಯನ್ನು ಕಿತ್ತು ಬಿಸಾಕಿ.

ನುಡಿಯಲ್ಲಿ ಟೈಪ್ ಮಾಡುತ್ತಿರುವಾಗ ಕರ್ಸರ್ ಇದ್ದಕ್ಕಿದ್ದಂತೆ ಮೇಲಿನ ಸಾಲಿಗೆ ಹಾರುತ್ತದೆ. ಅರ್ಧ ಪದ ಅಲ್ಲಿ, ಅರ್ಧ ಇಲ್ಲಿ.

ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿಯದೂ ತಪ್ಪಿಲ್ಲ, ಬರಹದದೂ ಇಲ್ಲ. ಹೆಬ್ಬೆರಳಿನ ಬುಡ ಅಥವಾ ಅಂಗೈಯ ಅಂಚು ಪ್ಯಾಡಿಗೆ ತಾಗುತ್ತಿದೆ, ಲ್ಯಾಪ್‌ಟಾಪ್ ಅದನ್ನು ಟ್ಯಾಪ್ ಎಂದುಕೊಂಡು ಮೌಸ್ ಬಾಣ ಇದ್ದ ಕಡೆಗೆ ಟೈಪಿಂಗಿನ ಕರ್ಸರನ್ನು, ಅಂದರೆ ಮಿನುಗುವ ಗೆರೆಯನ್ನು, ಒಯ್ಯುತ್ತಿದೆ. ಕನ್ನಡ ಟೈಪಿಂಗಿನಲ್ಲಿ ಹಾನಿ ಒಂದು ಕೈ ಜಾಸ್ತಿ: ಒಂದು ಒತ್ತಕ್ಷರಕ್ಕೇ ಮೂರ್ನಾಲ್ಕು ಕೀಲಿ ಒತ್ತುತ್ತೇವೆ, ನಡುವೆ ಕರ್ಸರ್ ಹಾರಿದರೆ ಅಕ್ಷರವೇ ಎರಡು ಹೋಳು. ಕೆಲವೊಮ್ಮೆ ಇಡೀ ಪ್ಯಾರಾ ಸೆಲೆಕ್ಟ್ ಆಗಿ, ಮುಂದಿನ ಕೀಲಿ ಒತ್ತಿದೊಡನೆ ಮಾಯವಾಗುತ್ತದೆ. ಆಗ ಗಾಬರಿಯಲ್ಲಿ ಸೇವ್ ಮಾಡಿ ಮುಚ್ಚಬೇಡಿ, ಕಂಟ್ರೋಲ್ ಜೊತೆ ಝಡ್ ಒತ್ತಿ, ಮರಳಿ ಬರುತ್ತದೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ಬ್ಲೂಟೂತ್ ಅಂಡ್ ಡಿವೈಸಸ್, ಅದರೊಳಗೆ ಟಚ್‌ಪ್ಯಾಡ್ ಎಂಬಲ್ಲಿಗೆ ಹೋಗಿ. ವಿಂಡೋಸ್ 10ರಲ್ಲಾದರೆ ಡಿವೈಸಸ್ ಅಡಿಯಲ್ಲಿದೆ. ಅಲ್ಲಿ ಟಚ್‌ಪ್ಯಾಡ್ ಸೆನ್ಸಿಟಿವಿಟಿ ಎಂಬುದನ್ನು ಮೀಡಿಯಂ ಅಥವಾ ಲೋ ಮಾಡಿ. ಟೈಪ್ ಮಾಡುವಾಗ ತಾಗುವ ಅಂಗೈಯನ್ನು ಕಡೆಗಣಿಸಲು ಇದು ನೆರವಾಗುತ್ತದೆ. ಆದರೂ ನಿಲ್ಲದಿದ್ದರೆ ಒಂದು ಬೆರಳಿನ ಟ್ಯಾಪ್‌ನಿಂದ ಕ್ಲಿಕ್ ಆಗುವ ಆಯ್ಕೆಯ ಟಿಕ್ ತೆಗೆದುಬಿಡಿ. ಇನ್ನು ಮೇಲೆ ಪ್ಯಾಡನ್ನು ಒತ್ತಿದರೆ ಮಾತ್ರ ಕ್ಲಿಕ್ ಆಗುತ್ತದೆ. ಎರಡು ದಿನ ಕಿರಿಕಿರಿ, ಆಮೇಲೆ ಅಭ್ಯಾಸವಾಗುತ್ತದೆ. ಹೆಚ್ಚು ಬರೆಯುವವರಿಗೆ ನಾನು ಮೊದಲು ಹೇಳುವುದೇ ಇದನ್ನು. ಜೊತೆಗೆ, ಟೈಪ್ ಶುರು ಮಾಡುವಾಗ ಬಾಣವನ್ನು ಪರದೆಯ ಒಂದು ಮೂಲೆಗೆ ತಳ್ಳಿಬಿಡಿ. ಅಪ್ಪಿತಪ್ಪಿ ತಾಗಿದರೂ ಕ್ಲಿಕ್ ಬೀಳುವುದು ಅಕ್ಷರಗಳ ಮೇಲಲ್ಲ.

ಪ್ಯಾಡ್ ಒಂದು ಕಡೆ ಎದ್ದು ನಿಂತಂತಿದೆ, ಕ್ಲಿಕ್ ಗಟ್ಟಿಯಾಗಿದೆ. ಸ್ಕ್ರೂ ಬಿಗಿ ಮಾಡಿದರೆ ಸರಿಹೋಗುತ್ತದೆಯೇ?

ಸ್ಕ್ರೂ ಮುಟ್ಟಬೇಡಿ. ಈ ಪುಟದಲ್ಲಿ ತುರ್ತಾಗಿ ಓದಬೇಕಾದ ಉತ್ತರ ಇದೊಂದೇ. ಇವತ್ತಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ಇರುವುದು ಟಚ್‌ಪ್ಯಾಡಿನ ಕೆಳಗೆ ಅಥವಾ ಪಕ್ಕದಲ್ಲಿ. ಲಿಥಿಯಂ ಅಯಾನ್ ಸೆಲ್‌ಗಳು ಹಳತಾದಾಗ, ಸದಾ ಚಾರ್ಜಿನಲ್ಲಿ ಬಿಸಿಯಾಗಿ ಇದ್ದಾಗ ಒಳಗೆ ಅನಿಲ ಹುಟ್ಟಿ ಚೀಲ ಉಬ್ಬುತ್ತದೆ. ಉಬ್ಬಿದ ಸೆಲ್ ಪ್ಯಾಡನ್ನು ಕೆಳಗಿನಿಂದ ಒತ್ತುತ್ತದೆ. ಮೊದಲು ಕ್ಲಿಕ್ ಗಟ್ಟಿಯಾಗುತ್ತದೆ, ಆಮೇಲೆ ತಾನಾಗಿ ಕ್ಲಿಕ್ ಆಗತೊಡಗುತ್ತದೆ, ಕೊನೆಗೆ ಪ್ಯಾಡಿನ ಅಂಚು ಎದ್ದು ಬರುತ್ತದೆ.

ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ನಾಲ್ಕು ಕಾಲೂ ಊರದೆ ಅಲುಗಾಡುತ್ತದೆಯೇ? ಮುಚ್ಚಳ ಪೂರ್ತಿ ಮುಚ್ಚುವುದಿಲ್ಲವೇ? ತಳದ ಜೋಡಣೆಯಲ್ಲಿ ಸಂದು ಬಿಟ್ಟಿದೆಯೇ? ಯಾವುದಕ್ಕಾದರೂ ಹೌದು ಎಂದರೆ ಚಾರ್ಜರ್ ತೆಗೆಯಿರಿ, ಆಫ್ ಮಾಡಿ, ಹಾಸಿಗೆ ಮತ್ತು ಪರದೆಗಳಿಂದ ದೂರ ಇಡಿ, ಸರ್ವಿಸ್ ಸೆಂಟರಿಗೆ ಒಯ್ಯಿರಿ. ಉಬ್ಬನ್ನು ಒತ್ತಿ ಕೂರಿಸಲು ಹೋಗಬಾರದು, ಸೂಜಿ ಚುಚ್ಚಿ ಗಾಳಿ ಬಿಡುವ ಯೋಚನೆಯನ್ನಂತೂ ಮಾಡಲೇಬಾರದು, ಅದು ಹೊತ್ತಿಕೊಳ್ಳುತ್ತದೆ. ಮಕ್ಕಳ ಆನ್‌ಲೈನ್ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎನ್ನುವವರೂ ಇದ್ದಾರೆ. ಪರೀಕ್ಷೆಗೆ ಬೇರೆ ಲ್ಯಾಪ್‌ಟಾಪ್ ಎರವಲು ಪಡೆಯಿರಿ.

ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರ ಮೇಲಿದೆ. ಬ್ಯಾಟರಿ ಬದಲಿಸಿಕೊಟ್ಟವರಿಗೇ ಹಳೆಯದನ್ನು ಒಪ್ಪಿಸಿ. ಬ್ಯಾಟರಿ ಹೊಸದಾದ ಮೇಲೆ ಪ್ಯಾಡ್ ತಾನಾಗಿ ಸಮನಾಗಿ ಕೂರುವುದುಂಟು. ತುಂಬಾ ದಿನ ಬಿಟ್ಟಿದ್ದರೆ ಬಾಗಿದ ಪ್ಯಾಡನ್ನೂ ಬದಲಿಸಬೇಕಾಗುತ್ತದೆ.

ಪ್ಯಾಡ್ ಪೂರ್ತಿ ಸ್ತಬ್ಧ. ಬಾಣ ಅಲುಗಾಡುತ್ತಲೇ ಇಲ್ಲ.

ಯಾರೋ ಆಫ್ ಮಾಡಿದ್ದಾರೆ. ಹೆಚ್ಚಿನ ಸಲ ಆ ಯಾರೋ ನೀವೇ, ಇಲ್ಲವೇ ಬೆಕ್ಕು. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಟಚ್‌ಪ್ಯಾಡ್ ಚಿತ್ರವಿರುವ ಕೀಲಿಯನ್ನು ಹುಡುಕಿ, ಎಫ್‌ಎನ್ ಕೀಲಿಯ ಜೊತೆ ಒಮ್ಮೆ ಒತ್ತಿ ನೋಡಿ. ಯಾವ ಎಫ್ ಕೀಲಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹಳೆಯ ಕೆಲವು ಎಚ್‌ಪಿ ಮಾದರಿಗಳಲ್ಲಿ ಪ್ಯಾಡಿನ ಎಡ ಮೇಲ್ಮೂಲೆಯನ್ನು ಎರಡು ಸಲ ತಟ್ಟಿದರೆ ಪ್ಯಾಡ್ ಆಫ್ ಆಗಿ, ಅಲ್ಲೊಂದು ಕಿತ್ತಳೆ ಬಣ್ಣದ ದೀಪ ಹತ್ತುತ್ತದೆ. ಮತ್ತೆರಡು ಸಲ ತಟ್ಟಿದರೆ ಆನ್.

ಮೌಸ್ ಚುಚ್ಚಿದಾಗ ಮಾತ್ರ ಪ್ಯಾಡ್ ಸಾಯುತ್ತದೆ ಎಂದರೆ, ಮೇಲೆ ಹೇಳಿದ ಟಚ್‌ಪ್ಯಾಡ್ ಸೆಟ್ಟಿಂಗ್ಸಿನಲ್ಲಿ ಮೌಸ್ ಜೋಡಿಸಿದಾಗಲೂ ಪ್ಯಾಡ್ ಆನ್ ಇರಲಿ ಎಂಬ ಆಯ್ಕೆಗೆ ಟಿಕ್ ಇಲ್ಲ ಎಂದರ್ಥ.

ವಿಂಡೋಸ್ ಅಪ್‌ಡೇಟ್ ಆದ ಮರುದಿನದಿಂದ ಎರಡು ಬೆರಳಿನ ಸ್ಕ್ರೋಲ್ ನಿಂತಿದೆ, ಬಾಣ ತಡೆದು ತಡೆದು ಚಲಿಸುತ್ತದೆ.

ಅಪ್‌ಡೇಟ್ ಬಂದಾಗ ಡ್ರೈವರ್ ಬದಲಾಗಿರಬಹುದು. ವಿಂಡೋಸ್ ಕೀಲಿಯ ಜೊತೆ ಎಕ್ಸ್ ಒತ್ತಿ, ಆಮೇಲೆ ಎಂ ಒತ್ತಿದರೆ ಡಿವೈಸ್ ಮ್ಯಾನೇಜರ್ ತೆರೆಯುತ್ತದೆ. ಮೈಸ್ ಅಂಡ್ ಅದರ್ ಪಾಯಿಂಟಿಂಗ್ ಡಿವೈಸಸ್ ಅಥವಾ ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್ ಅಡಿಯಲ್ಲಿ ಟಚ್‌ಪ್ಯಾಡ್ ಸಿಗುತ್ತದೆ. ಸಿನಾಪ್ಟಿಕ್ಸ್, ಎಲಾನ್, ಇಲ್ಲವೇ ಬರಿಯ ಎಚ್‌ಐಡಿ ಕಂಪ್ಲಾಯಂಟ್ ಟಚ್ ಪ್ಯಾಡ್ ಎಂಬ ಹೆಸರಿರುತ್ತದೆ. ಅದರ ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಪುಟಕ್ಕೆ ಹೋಗಿ ರೋಲ್ ಬ್ಯಾಕ್ ಡ್ರೈವರ್ ಗುಂಡಿ ಒತ್ತಬರುವಂತಿದ್ದರೆ ಒತ್ತಿ. ಮಂಕಾಗಿದ್ದರೆ ಹಿಂದಿನ ಡ್ರೈವರ್ ಉಳಿದಿಲ್ಲ. ಆಗ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ, ವಿಂಡೋಸ್ ತಾನೇ ಮತ್ತೆ ಹಾಕಿಕೊಳ್ಳುತ್ತದೆ.

ಡ್ರೈವರನ್ನು ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ, ನಿಮ್ಮ ಮಾದರಿಯ ಸಂಖ್ಯೆ ಕೊಟ್ಟೇ ಇಳಿಸಿಕೊಳ್ಳಿ. "ನಿಮ್ಮ ಎಲ್ಲ ಡ್ರೈವರ್‌ಗಳನ್ನೂ ಒಂದೇ ಕ್ಲಿಕ್ಕಿನಲ್ಲಿ ಸರಿಪಡಿಸುತ್ತೇವೆ" ಎನ್ನುವ ತಂತ್ರಾಂಶಗಳ ಸಹವಾಸ ಬೇಡ. ವಿಂಡೋಸನ್ನು ಹೊಸದಾಗಿ ಹಾಕಿಸಿದ ಮೇಲೆ ಪ್ಯಾಡ್ ಕಾಣಿಸದಿದ್ದರೆ ಒಂದು ಗುಟ್ಟು: ಇಂಟೆಲ್ ಪ್ರೊಸೆಸರಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಪ್ಯಾಡ್ ಮಾತಾಡುವುದು ಐ2ಸಿ ಎಂಬ ದಾರಿಯಲ್ಲಿ. ಆ ದಾರಿಗೆ ಇಂಟೆಲ್ ಸೀರಿಯಲ್ ಐಒ ಎಂಬ ಡ್ರೈವರ್ ಬೇಕು. ಅದಿಲ್ಲದೆ ಟಚ್‌ಪ್ಯಾಡ್ ಡ್ರೈವರನ್ನು ಹತ್ತು ಸಲ ಹಾಕಿದರೂ ಪ್ರಯೋಜನವಿಲ್ಲ.

ಟಚ್‌ಪ್ಯಾಡನ್ನೇ ಆಫ್ ಮಾಡಿದೆ, ಆದರೂ ಬಾಣ ಓಡುತ್ತಿದೆ! ಯಾರಾದರೂ ಹ್ಯಾಕ್ ಮಾಡಿದ್ದಾರೆಯೇ?

ಹ್ಯಾಕ್ ಎನ್ನುವ ಮೊದಲು ಬ್ಯಾಗಿನೊಳಗೆ ಕೈ ಹಾಕಿ ನೋಡಿ, ವೈರ್‌ಲೆಸ್ ಮೌಸ್ ಆನ್ ಆಗಿಯೇ ಒಳಗೆ ಬಿದ್ದಿರಬಹುದು. ಇದು ತಮಾಷೆಗೆ ಹೇಳಿದ್ದಲ್ಲ. ಎರಡನೆಯದು ಟಚ್‌ಸ್ಕ್ರೀನ್. ಪರದೆಯ ಮೂಲೆಯಲ್ಲಿ ಸಣ್ಣ ಬಿರುಕಿದ್ದರೂ ಅದು ಇಲ್ಲದ ಬೆರಳುಗಳನ್ನು ಕಾಣುತ್ತದೆ, ಬಾಣ ಪದೇ ಪದೇ ಒಂದೇ ಜಾಗಕ್ಕೆ ಹಾರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಎಚ್‌ಐಡಿ ಕಂಪ್ಲಾಯಂಟ್ ಟಚ್ ಸ್ಕ್ರೀನ್ ಎಂಬುದನ್ನು ಡಿಸೇಬಲ್ ಮಾಡಿ ಪರೀಕ್ಷಿಸಿ. ಮೂರನೆಯದು ಥಿಂಕ್‌ಪ್ಯಾಡ್ ಬಳಸುವವರಿಗೆ: ಕೀಲಿಗಳ ನಡುವಿನ ಕೆಂಪು ಗುಬಟು ಕೆಲವೊಮ್ಮೆ ಬಾಣವನ್ನು ಒಂದೇ ದಿಕ್ಕಿಗೆ ನಿಧಾನವಾಗಿ ಎಳೆಯುತ್ತದೆ. ಕೆಲವು ಸೆಕೆಂಡ್ ಕೈ ತೆಗೆದು ಬಿಟ್ಟರೆ ತಾನೇ ಸರಿಹೋಗುತ್ತದೆ.

ಕೆಟ್ಟ ಪ್ಯಾಡಿನ ಬಾಣ ಗೊತ್ತುಗುರಿಯಿಲ್ಲದೆ ನಡುಗುತ್ತದೆ, ಹಾರುತ್ತದೆ. ಮನುಷ್ಯ ಓಡಿಸುವ ಬಾಣ ಮೆನು ತೆರೆಯುತ್ತದೆ, ಫೈಲು ಹುಡುಕುತ್ತದೆ, ಬ್ಯಾಂಕಿನ ಪುಟ ತೆರೆಯುತ್ತದೆ. ಫೋನಿನಲ್ಲಿ ಯಾರೋ ಹೇಳಿದರೆಂದು ಎನಿಡೆಸ್ಕ್‌ನಂಥ ದೂರದಿಂದ ನಿಯಂತ್ರಿಸುವ ತಂತ್ರಾಂಶ ಹಾಕಿಕೊಂಡಿದ್ದು, ಬಾಣ ಹೀಗೆ ಉದ್ದೇಶವಿಟ್ಟು ಚಲಿಸಿದರೆ ಮೊದಲು ಇಂಟರ್ನೆಟ್ ಕಡಿಯಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ದೋಷ ಹಾರ್ಡ್‌ವೇರಿನದೋ ಸಾಫ್ಟ್‌ವೇರಿನದೋ ಎಂದು ಮನೆಯಲ್ಲೇ ತಿಳಿಯಬಹುದೇ?

ತಿಳಿಯಬಹುದು. ವಿಂಡೋಸಿನ ಬದಲು ಬಳಸಬಹುದಾದ ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ. ಅಲ್ಲಿ ಪ್ಯಾಡ್ ನೆಟ್ಟಗಿದ್ದರೆ ತೊಂದರೆ ವಿಂಡೋಸಿನೊಳಗಿದೆ. ಅಲ್ಲೂ ಅದೇ ಕುಣಿತವಾದರೆ ಪ್ಯಾಡೋ ಕೇಬಲ್ಲೋ ಚಾರ್ಜರೋ. ಕೆಲವು ಲ್ಯಾಪ್‌ಟಾಪುಗಳ ಬಯಾಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ಸ್) ಬಾಣ ಚಲಿಸುತ್ತದೆ, ಅಲ್ಲಿಯೂ ಇದೇ ಪರೀಕ್ಷೆ ಮಾಡಬಹುದು. ಬಯಾಸಿನಲ್ಲೇ ಟಚ್‌ಪ್ಯಾಡ್ ಡಿಸೇಬಲ್ ಆಗಿದೆಯೇ ಎಂದೂ ಆಗಲೇ ನೋಡಿಕೊಳ್ಳಿ.

ಮ್ಯಾಕ್‌ಬುಕ್ಕಿಗೂ ಇದೆಲ್ಲ ಅನ್ವಯಿಸುತ್ತದೆಯೇ?

ಅರ್ಥಿಂಗ್, ತೇವ, ಬ್ಯಾಟರಿ ಮೂರೂ ಅನ್ವಯಿಸುತ್ತವೆ. ಒಂದು ವ್ಯತ್ಯಾಸ: 2015ರಿಂದ ಬಂದ ಫೋರ್ಸ್ ಟಚ್ ಪ್ಯಾಡುಗಳು ಒತ್ತಿದಾಗ ನಿಜವಾಗಿ ಕೆಳಗಿಳಿಯುವುದಿಲ್ಲ. ಒಳಗಿನ ಸಣ್ಣ ಯಂತ್ರವೊಂದು ಕಂಪಿಸಿ ಕ್ಲಿಕ್ ಆದಂತೆ ಅನಿಸುವಂತೆ ಮಾಡುತ್ತದೆ. ಆದ್ದರಿಂದ ಆಫ್ ಆಗಿರುವ ಮ್ಯಾಕ್‌ಬುಕ್ಕಿನ ಪ್ಯಾಡ್ ಕಲ್ಲಿನಂತಿರುವುದು ದೋಷವಲ್ಲ. ಮೌಸ್ ಜೋಡಿಸಿದಾಗ ಪ್ಯಾಡ್ ಸುಮ್ಮನಾದರೆ ಆಕ್ಸೆಸಿಬಿಲಿಟಿಯ ಪಾಯಿಂಟರ್ ಕಂಟ್ರೋಲ್‌ನಲ್ಲಿ ಅದಕ್ಕೆ ಸಂಬಂಧಿಸಿದ ಆಯ್ಕೆ ಇದೆ.

ಕೈಯಲ್ಲಿ ಮೌಸ್ ಇಲ್ಲ, ಪ್ಯಾಡ್ ಸತ್ತಿದೆ. ಇಷ್ಟೆಲ್ಲ ಸೆಟ್ಟಿಂಗ್ಸ್ ಬದಲಿಸುವುದು ಹೇಗೆ?

ವಿಂಡೋಸ್ ಕೀಲಿಯ ಜೊತೆ ಐ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಮೇಲಿನ ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಟಚ್‌ಪ್ಯಾಡ್ ಎಂದು ಟೈಪ್ ಮಾಡಿ. ಟ್ಯಾಬ್ ಕೀಲಿಯಿಂದ ಮುಂದಿನ ಆಯ್ಕೆಗೆ, ಶಿಫ್ಟ್ ಜೊತೆ ಟ್ಯಾಬ್ ಒತ್ತಿದರೆ ಹಿಂದಿನದಕ್ಕೆ ಹೋಗುತ್ತೀರಿ. ಸ್ಪೇಸ್ ಒತ್ತಿದರೆ ಟಿಕ್ ಬೀಳುತ್ತದೆ ಅಥವಾ ಹೋಗುತ್ತದೆ. ನಂಬರ್ ಪ್ಯಾಡ್ ಇರುವ ಕೀಬೋರ್ಡ್ ಆದರೆ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ, ಕೇಳಿದಾಗ ಎಸ್ ಎನ್ನಿ. ಆಮೇಲೆ 4, 6, 8, 2 ಅಂಕಿಗಳಿಂದ ಬಾಣವನ್ನು ನಡೆಸಬಹುದು, 5 ಒತ್ತಿದರೆ ಕ್ಲಿಕ್.

ಅಂಗಡಿಗೆ ಒಯ್ಯಲೇಬೇಕು ಎಂದಾದರೆ ಏನು ಹೇಳಲಿ, ಏನು ಕೇಳಲಿ?

"ಟಚ್‌ಪ್ಯಾಡ್ ಹೋಗಿದೆ" ಎನ್ನಬೇಡಿ. "ಚಾರ್ಜರ್ ಇಲ್ಲದೆಯೂ ಕುಣಿಯುತ್ತದೆ, ಉಬುಂಟುವಿನಲ್ಲೂ ಕುಣಿಯುತ್ತದೆ, ಕಳೆದ ತಿಂಗಳು ರ‍್ಯಾಮ್ ಹಾಕಿಸಲು ಬಿಚ್ಚಿಸಿದ್ದೆ" ಎನ್ನಿ. ಆ ಕೊನೆಯ ಮಾತು ಮುಖ್ಯ. ಪ್ಯಾಡಿನಿಂದ ಮದರ್‌ಬೋರ್ಡಿಗೆ ಕಾಗದದಷ್ಟು ತೆಳುವಾದ ರಿಬ್ಬನ್ ಕೇಬಲ್ ಹೋಗುತ್ತದೆ. ಯಾವುದೋ ಕೆಲಸಕ್ಕೆ ಬಿಚ್ಚಿ ಜೋಡಿಸಿದಾಗ ಅದು ಕನೆಕ್ಟರಿನಲ್ಲಿ ಕೂದಲೆಳೆಯಷ್ಟು ಓರೆ ಕೂತರೂ ಪ್ಯಾಡ್ ಬಿಟ್ಟುಬಿಟ್ಟು ಕೆಲಸ ಮಾಡುತ್ತದೆ. ತೆಗೆದು ಸರಿಯಾಗಿ ಕೂರಿಸಿದರೆ ಮುಗಿಯಿತು, ಹೊಸ ಭಾಗವೇ ಬೇಡ.

ಹಾಗಾಗಿ ಮೊದಲ ಪ್ರಶ್ನೆ: "ಕೇಬಲ್ ತೆಗೆದು ಹಾಕಿ ನೋಡಿದ್ರಾ?" ಎರಡನೆಯದು: "ಬ್ಯಾಟರಿ ಉಬ್ಬಿದೆಯಾ, ತೋರಿಸಿ." ಪ್ಯಾಡ್ ಬದಲಿಸಲೇಬೇಕೆಂದರೆ ಅದೇ ಮಾದರಿಯದು ಬೇಕು, ನೋಡಲು ಒಂದೇ ಥರ ಇದ್ದರೂ ಕನೆಕ್ಟರ್ ಬೇರೆಯಾಗಿರುತ್ತದೆ. ಬೆಂಗಳೂರಿನವರು ಎಸ್‌ಪಿ ರೋಡಿನಲ್ಲಿ ಹುಡುಕಿದರೆ ಹಳೆಯ ಮಾದರಿಗಳ ಪ್ಯಾಡೂ ಸಿಗುವ ಸಂಭವವಿದೆ, ಹೋಗುವಾಗ ತಳದ ಸ್ಟಿಕ್ಕರಿನ ಫೋಟೋ ಇಟ್ಟುಕೊಳ್ಳಿ. ಕೆಲವು ಮಾದರಿಗಳಲ್ಲಿ ಪ್ಯಾಡ್ ಮತ್ತು ಕೈಯೂರುವ ಮೇಲ್ಭಾಗ ಒಂದೇ ಭಾಗವಾಗಿ ಬರುತ್ತವೆ, ಆಗ ಬೆಲೆ ಏರುತ್ತದೆ. ಕೆಲಸ ಶುರುವಾಗುವ ಮುನ್ನ ಎರಡರ ದರವನ್ನೂ ಕೇಳಿ. ವಾರಂಟಿ ಇದ್ದರೆ ಹೊರಗಿನ ಅಂಗಡಿಗೆ ಕೊಡಬೇಡಿ.

ಇದೆಲ್ಲ ಯಾರಿಗೆ ಬೇಕು? ಒಂದು ಮೌಸ್ ಕೊಂಡು ಪ್ಯಾಡ್ ಆಫ್ ಮಾಡಿಬಿಟ್ಟರೆ ಆಗದೇ?

ಆಗುತ್ತದೆ. ಮೇಜಿನ ಮೇಲೆ ಕೂತೇ ಕೆಲಸ ಮಾಡುವವರಿಗೆ ಕೈಗೂ ಅದೇ ಸುಖ. ವೈರ್ ಇರುವ ಮೌಸ್ ತಗೊಳ್ಳಿ, ಇಲ್ಲವೇ ವೈರ್‌ಲೆಸ್ ಮೌಸಿನ ಡಾಂಗಲನ್ನು ಯುಎಸ್‌ಬಿ 3 ಹಾರ್ಡ್‌ಡಿಸ್ಕಿನ ಪಕ್ಕದ ಪೋರ್ಟಿಗೆ ಹಾಕಬೇಡಿ. ಆ ಹಾರ್ಡ್‌ಡಿಸ್ಕ್ ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳಿಗೆ ಅಡ್ಡಿ ಮಾಡುತ್ತದೆ, ಮೌಸೂ ತಡವರಿಸತೊಡಗುತ್ತದೆ. ಆದರೆ ಪ್ಯಾಡ್ ಉಬ್ಬಿದ್ದರೆ ಮೌಸ್ ಕೊಳ್ಳುವ ಮೊದಲು ಬ್ಯಾಟರಿ ತೆಗೆಸಿ.